ಹಿಂದಿನ ಆಕ್ಸಲ್‌ನ ಸದ್ದು ಮತ್ತು ಅದನ್ನು ಗುರುತಿಸುವ ವಿದ್ಯೆ

ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಉರುಳಬೇಕು. ಎರಡಕ್ಕೂ ಎಂಜಿನ್ನಿನ ಬಲ ಹಂಚುತ್ತಲೇ ಈ ವ್ಯತ್ಯಾಸಕ್ಕೆ ಎಡೆಮಾಡಿಕೊಡುವ ಗೇರುಗಳ ಜೋಡಣೆಯೇ ಡಿಫರೆನ್ಷಿಯಲ್. 1820ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ ಇದನ್ನು ಉಗಿಬಂಡಿಗಾಗಿ ರೂಪಿಸಿದ. ಮೊದಮೊದಲ ಕಾರುಗಳಲ್ಲಿ ಇದನ್ನು ತಿರುಗಿಸುವ ಪಿನಿಯನ್ ಎಂಬ ಸಣ್ಣ ಗೇರಿಗೂ ಕ್ರೌನ್ ವೀಲ್ ಎಂಬ ದೊಡ್ಡ ಗೇರಿಗೂ ನೇರ ಹಲ್ಲುಗಳಿದ್ದವು. ಹಲ್ಲು ಹಲ್ಲಿಗೆ ಒಮ್ಮೆಲೇ ತಾಗುತ್ತಿದ್ದುದರಿಂದ ಅರಚಾಟ ತಪ್ಪುತ್ತಿರಲಿಲ್ಲ.

1913ರ ಸುಮಾರಿಗೆ ಅಮೆರಿಕದ ರಾಚೆಸ್ಟರಿನ ಗ್ಲೀಸನ್ ಕಂಪನಿಯ ಯಂತ್ರಗಳು ಬಾಗಿದ ಹಲ್ಲುಗಳನ್ನು ಕೊರೆಯತೊಡಗಿದವು. ಹಲ್ಲುಗಳು ಮೆಲ್ಲಗೆ ಜಾರಿ ಕೂಡಿಕೊಂಡು ಸದ್ದು ತಗ್ಗಿತು. 1920ರ ದಶಕದ ನಡುವೆ ಅದೇ ಕಂಪನಿಯಿಂದ ಹೈಪಾಯ್ಡ್ ಗೇರು ಬಂತು, ಪ್ಯಾಕರ್ಡ್ ಕಾರು ಅದನ್ನು ಅಳವಡಿಸಿಕೊಂಡಿತು. ಇದರಲ್ಲಿ ಪಿನಿಯನ್ ಕ್ರೌನ್ ವೀಲಿನ ನಡುಮಟ್ಟಕ್ಕಿಂತ ಕೆಳಗೆ ಕೂರುತ್ತದೆ. ಇದರಿಂದ ಎಂಜಿನ್ನಿನ ಬಲವನ್ನು ಹಿಂದಕ್ಕೆ ತರುವ ಪ್ರೊಪೆಲ್ಲರ್ ಶಾಫ್ಟ್ ಇಳಿಯಿತು, ಕಾರಿನ ನೆಲಮಟ್ಟವೂ ಇಳಿಯಿತು. ಆದರೆ ಹಲ್ಲುಗಳು ಭಾರದಡಿ ಒಂದರ ಮೇಲೊಂದು ಉಜ್ಜುತ್ತ ಸಾಗುವುದರಿಂದ ಸಾಮಾನ್ಯ ಎಣ್ಣೆಯ ಪದರ ನಿಲ್ಲುವುದಿಲ್ಲ. ಗಂಧಕದಂಥ ರಾಸಾಯನಿಕ ಸೇರಿಸಿದ ಗೇರ್ ಆಯಿಲ್ ಬೇಕು. ತಪ್ಪು ಎಣ್ಣೆ ಹಾಕಿದ ಆಕ್ಸಲ್ ಬೇಗ ಕೂಗತೊಡಗುತ್ತದೆ.

ಯುದ್ಧಾನಂತರದ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳಲ್ಲಿ ಈ ಕಥೆ ಸ್ಪಷ್ಟವಾಗಿ ಕಾಣುತ್ತದೆ. 1962ರಲ್ಲಿ ಅಬಿಂಗ್ಡನ್ನಿನಿಂದ ಹೊರಬಂದ ಎಂಜಿಬಿಗೆ ಮೊದಲು ಬ್ಯಾಂಜೊ ಮಾದರಿಯ ಆಕ್ಸಲ್ ಇತ್ತು. 1965ರಲ್ಲಿ ಮುಚ್ಚಿದ ಮೈಯ ಜಿಟಿ ಬಂದಾಗ ಅದಕ್ಕೆ ಸದ್ದು ಕಡಿಮೆಯ ಸಾಲ್ಸ್‌ಬರಿ ಮಾದರಿಯ ಕೊಳವೆ ಆಕ್ಸಲ್ ಹಾಕಿದರು, 1967ರಲ್ಲಿ ತೆರೆದ ಕಾರಿಗೂ ಅದೇ ಬಂತು. ತೆರೆದ ಕಾರಿನಲ್ಲಿ ಗಾಳಿಗೆ ಕೊಚ್ಚಿಹೋಗುವ ಸದ್ದು ಮುಚ್ಚಿದ ಮೈಯೊಳಗೆ ಗುಂಯ್‌ಗುಡುತ್ತದೆ. 1961ರ ಜಾಗ್ವಾರ್ ಇ-ಟೈಪ್ ಬೇರೆ ದಾರಿ ಹಿಡಿಯಿತು: ಡಿಫರೆನ್ಷಿಯಲ್, ಡಿಸ್ಕ್ ಬ್ರೇಕು, ಸಸ್ಪೆನ್ಷನ್ ಎಲ್ಲವನ್ನೂ ಒಂದು ಉಕ್ಕಿನ ಚೌಕಟ್ಟಿಗೆ ಕಟ್ಟಿ, ಆ ಚೌಕಟ್ಟನ್ನು ರಬ್ಬರಿನ ಮೇಲೆ ತೂಗುಹಾಕಿತು. ಗೇರಿನ ನಡುಕ ಮೈಗೆ ತಲುಪದಂತೆ ಮಾಡಿದ ಸೊಗಸಾದ ಪರಿಹಾರವಿದು. ಆದರೂ ಪಕ್ಕದಲ್ಲೇ ಇರುವ ಬ್ರೇಕಿನ ಬಿಸಿಗೆ ಆಯಿಲ್ ಸೀಲುಗಳು ಒಣಗಿ ಎಣ್ಣೆ ಸೋರುತ್ತದೆ. ಎಣ್ಣೆ ಇಳಿದಂತೆ ಸದ್ದು ಏರುತ್ತದೆ.

ಮೆಕ್ಯಾನಿಕ್‌ಗಳು ಬಿಚ್ಚುವ ಮೊದಲು ಓಡಿಸಿ ಕೇಳುವ ಪದ್ಧತಿ ಬೆಳೆಸಿಕೊಂಡದ್ದಕ್ಕೆ ಕಾರಣವಿದೆ: ಆಕ್ಸಲ್ ಬಿಚ್ಚುವುದು ದುಬಾರಿ, ಸದ್ದು ಬರುವ ಜಾಗವೋ ಮೋಸಗಾರ. ಕೇಳಬೇಕಾದದ್ದು ಸದ್ದು ಯಾವಾಗ ಬದಲಾಗುತ್ತದೆ ಎಂಬುದನ್ನು. ಡಾಂಬರು ಬದಲಾದೊಡನೆ ಬದಲಾದರೆ ಅದು ಟೈರಿನದು. ಕಾರನ್ನು ಎಡಕ್ಕೆ ಬಲಕ್ಕೆ ಓಲಾಡಿಸಿದಾಗ ಏರಿಳಿದರೆ ಚಕ್ರದ ಬೇರಿಂಗಿನ ಮೇಲೆ ಅನುಮಾನ. ಆಕ್ಸಿಲರೇಟರ್ ಒತ್ತಿದಾಗ ಕೂಗಿ ಬಿಟ್ಟೊಡನೆ ನಿಂತರೆ, ಅಥವಾ ಬಿಟ್ಟಾಗ ಮಾತ್ರ ಕೂಗಿದರೆ, ಹಲ್ಲಿನ ಒಂದು ಮಗ್ಗುಲು ಸವೆದಿರಬಹುದು ಅಥವಾ ಪಿನಿಯನ್ ಬೇರಿಂಗ್ ಸಡಿಲವಾಗಿರಬಹುದು. ಎಂಜಿಬಿಯಲ್ಲಿ ಕ್ಲಚ್ ಬಿಟ್ಟೊಡನೆ ಕೇಳುವ ‘ಟಕ್’ ಹೆಚ್ಚಾಗಿ ಒಳಗಿನ ಸಣ್ಣ ಗೇರುಗಳ ಹಿಂದಿರುವ ವಾಷರ್ ಸವೆತದ್ದು. ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟು, ತಂತಿಚಕ್ರದ ಹಬ್ಬಿನ ಸವೆದ ಹಲ್ಲು ಕೂಡ ಅದೇ ‘ಟಕ್’ ಕೊಡುವುದರಿಂದ ಅವನ್ನು ಮೊದಲು ನೋಡುವುದು ಜಾಣತನ. ಒಂದೇ ಚಕ್ರ ಜಾರಿ ಸುತ್ತುವುದನ್ನು ತಡೆಯುವ ಜಾಗ್ವಾರಿನ ಪವರ್‌ಲಾಕ್ ಡಿಫರೆನ್ಷಿಯಲ್ ನಿಧಾನದ ತಿರುವಿನಲ್ಲಿ ಕಟಕಟ ಎಂದರೆ ಗೇರು ಕೆಟ್ಟಿರಬೇಕಿಲ್ಲ. ಅದರ ಕ್ಲಚ್ ಪ್ಲೇಟುಗಳಿಗೆ ಬೇಕಾದ ಎಣ್ಣೆ ಸಿಕ್ಕಿಲ್ಲದಿರಬಹುದು.

ಕೊನೆಯ ಸಾಕ್ಷಿ ಹಲ್ಲಿನ ಮೇಲೆಯೇ ಸಿಗುತ್ತದೆ. ಕ್ರೌನ್ ವೀಲಿನ ಕೆಲವು ಹಲ್ಲುಗಳಿಗೆ ತೆಳುವಾಗಿ ನೀಲಿ ಬಣ್ಣ ಬಳಿದು, ಚಕ್ರಕ್ಕೆ ಸ್ವಲ್ಪ ತಡೆ ಕೊಟ್ಟು ಪಿನಿಯನ್ ತಿರುಗಿಸಿದರೆ ಬಣ್ಣ ಅಳಿಸಿದ ಕಡೆ ತಾಗುವ ಜಾಗ ಕಾಣುತ್ತದೆ. ಗುರುತು ಹಲ್ಲಿನ ತುದಿಗೆ ಏರಿದ್ದರೆ ಪಿನಿಯನ್ ದೂರವಿದೆ, ಬುಡಕ್ಕಿಳಿದಿದ್ದರೆ ತೀರ ಒಳಗಿದೆ. ಅದರಂತೆ ಶಿಮ್ ಎಂಬ ತೆಳು ಬಿಲ್ಲೆ ಬದಲಿಸಿ, ಹಲ್ಲುಗಳ ನಡುವಿನ ಪ್ಲೇಯನ್ನು ಡಯಲ್ ಗೇಜಿನಲ್ಲಿ ಅಂಗುಲದ ಸಾವಿರದ ಭಾಗಗಳಲ್ಲಿ ಅಳೆದು ಮತ್ತೆ ಬಣ್ಣ ಬಳಿಯುತ್ತಾರೆ. ಕ್ರೌನ್ ವೀಲು, ಪಿನಿಯನ್ ಎರಡನ್ನೂ ಕಾರ್ಖಾನೆಯಲ್ಲಿ ಒಟ್ಟಿಗೆ ಉಜ್ಜಿ ಹೊಂದಿಸಿ ಜೋಡಿಯ ಗುರುತು ಕೆತ್ತಿರುವುದರಿಂದ, ಒಂದು ಕೆಟ್ಟರೂ ಜೋಡಿಯನ್ನೇ ಬದಲಿಸಬೇಕು.