ಹೊಲದಲ್ಲಿ ಸಿಕ್ಕ ರೋಮನ್ ನಾಣ್ಯಕ್ಕೆ ಲಕ್ಷಗಟ್ಟಲೆ ಬೆಲೆಯೇ? ಗುರುತಿಸುವುದು ಹೇಗೆ?

"ನಿಮ್ಮ ಮನೆಯಲ್ಲಿ ಈ ನಾಣ್ಯ ಇದ್ದರೆ ನೀವೇ ಲಕ್ಷಾಧೀಶರು, ಫೋಟೋ ಕಳಿಸಿ" ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಮೊದಲು ರಿಜಿಸ್ಟ್ರೇಷನ್ ಶುಲ್ಕ, ಆಮೇಲೆ ಟ್ಯಾಕ್ಸ್, ನಂತರ ಕೊರಿಯರ್ ಖರ್ಚು. ಹೀಗೆ ಹಣ ಹೋಗುವುದು ನಿಮ್ಮ ಕಡೆಯಿಂದಲೇ. ತನ್ನ ಹೆಸರು, ಲೋಗೊ ಬಳಸಿ ಹಳೆಯ ನೋಟು-ನಾಣ್ಯದ ವ್ಯವಹಾರಕ್ಕೆ ಶುಲ್ಕ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ.

ಹಾಗಂತ ನಮ್ಮ ನೆಲದಲ್ಲಿ ರೋಮನ್ ನಾಣ್ಯ ಸಿಗುವುದೇ ಸುಳ್ಳೇ? ಅಲ್ಲ. 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದ್ದವು. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿ ಟಿಬೇರಿಯಸ್ ಚಕ್ರವರ್ತಿಯ ನಾಣ್ಯ ಸಿಕ್ಕಿದೆ. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಸಿಕ್ಕಿದ್ದು ಪೂರ್ವ ರೋಮನ್ ಸಾಮ್ರಾಜ್ಯದ ಬಂಗಾರದ ನಾಣ್ಯಗಳು. ಸಂಕೇಶ್ವರದವರಿಗೆ ಇನ್ನೂ ಹತ್ತಿರದ ಸಾಕ್ಷಿ ಕೊಲ್ಹಾಪುರದಲ್ಲಿದೆ. ಅಲ್ಲಿನ ಬ್ರಹ್ಮಪುರಿ ದಿಬ್ಬದಲ್ಲಿ ಗ್ರೀಕ್-ರೋಮನ್ ಸಮುದ್ರದೇವತೆ ಪೊಸೈಡನ್‌ನ ಪುಟ್ಟ ಕಂಚಿನ ಮೂರ್ತಿ ಸಿಕ್ಕಿತ್ತು. ರೋಮನ್ನರು ಬಂದದ್ದು ಕಾಳುಮೆಣಸು, ಬಟ್ಟೆ, ಹರಳುಗಳಿಗಾಗಿ. (ಸಂಕೇಶ್ವರದ ಹೆಸರಾಂತ ಮೆಣಸಿನಕಾಯಿಗಾಗಿ ಅಲ್ಲ! ಅದು ಅಮೆರಿಕ ಖಂಡದಿಂದ ಪೋರ್ಚುಗೀಸರ ಕಾಲದಲ್ಲಿ ಬಂದ ಬೆಳೆ.) ಭಾರತಕ್ಕೆ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಹರಿದುಹೋಗುತ್ತಿದೆ ಎಂದು ರೋಮಿನ ಲೇಖಕ ಪ್ಲಿನಿ ಗೊಣಗಿದ್ದ.

ಗುರುತು ಹೇಗೆ?

ದಕ್ಷಿಣ ಭಾರತದಲ್ಲಿ ಹೆಚ್ಚು ಸಿಗುವುದು ಆಗಸ್ಟಸ್ ಮತ್ತು ಟಿಬೇರಿಯಸ್ ಕಾಲದ 'ಡಿನೇರಿಯಸ್' ಬೆಳ್ಳಿ ನಾಣ್ಯ. ಗಾತ್ರ ಸುಮಾರು 18 ಮಿ.ಮೀ., ತೂಕ 4 ಗ್ರಾಂಗಿಂತ ತುಸು ಕಡಿಮೆ. ಒಂದು ಬದಿಯಲ್ಲಿ ಎಲೆಯ ಕಿರೀಟ ತೊಟ್ಟ ಅರಸನ ಪಕ್ಕದ ಮುಖ, ಸುತ್ತ ಲ್ಯಾಟಿನ್ ಅಕ್ಷರ. ಹಿಂಬದಿಯಲ್ಲಿ ಟಿಬೇರಿಯಸ್‌ನದಾದರೆ ಕುಳಿತ ಹೆಂಗಸು, ಆಗಸ್ಟಸ್‌ನದಾದರೆ ಗುರಾಣಿ ಹಿಡಿದ ಇಬ್ಬರು ಯುವಕರು ಹೆಚ್ಚಾಗಿ ಕಾಣುತ್ತಾರೆ. ಇಂಗ್ಲಿಷಿನ 'ಯು' ಇರಬೇಕಾದಲ್ಲಿ 'ವಿ' ಇರುತ್ತದೆ. ನಾಣ್ಯದ ಮೇಲೆ 'ಕ್ರಿ.ಪೂ. 50' ಎಂದು ಇಸವಿ ಬರೆದಿದ್ದರೆ ಮುಂದೆ ನೋಡುವ ಅಗತ್ಯವೇ ಇಲ್ಲ. ಕ್ರಿಸ್ತ ಹುಟ್ಟುವ ಮೊದಲೇ ಅದನ್ನು ಬರೆದವರು ಯಾರು?

ಅಂಚಿನ ಸುತ್ತ ಜೋಡಣೆಯ ಗೆರೆ, ಮೈಮೇಲೆ ಗುಳ್ಳೆಯಂಥ ಸಣ್ಣ ಕುಳಿಗಳು ಇದ್ದರೆ ಅದು ಅಚ್ಚಿಗೆ ಲೋಹ ಸುರಿದು ಮಾಡಿದ ನಕಲು ಇರಬಹುದು. ಅಸಲಿ ನಾಣ್ಯವನ್ನು ಸುತ್ತಿಗೆ ಬಡಿದು ಮುದ್ರಿಸುತ್ತಿದ್ದರು, ಹಾಗಾಗಿ ದುಂಡಗೆ ಇರುವುದಿಲ್ಲ. ಆಯಸ್ಕಾಂತಕ್ಕೆ ಅಂಟಿದರೆ ಅದು ಬೆಳ್ಳಿಯಲ್ಲ. ಆದರೆ ಅಂಟಲಿಲ್ಲ ಎಂದ ಮಾತ್ರಕ್ಕೆ ಅಸಲಿಯೂ ಅಲ್ಲ. ಭಾರತದಲ್ಲಿ ಸಿಕ್ಕ ಕೆಲವು ನಾಣ್ಯಗಳಲ್ಲಿ ಅರಸನ ಮುಖದ ಮೇಲೆ ಉಳಿಯಿಂದ ಕಡಿದ ಗೆರೆ ಇರುತ್ತದೆ. ಅದನ್ನು ಕಂಡು ನಕಲಿ ಎಂದು ಎಸೆಯಬೇಡಿ.

ದಯವಿಟ್ಟು ಹುಣಸೆಹಣ್ಣು, ನಿಂಬೆರಸ, ಬೂದಿ ಹಾಕಿ ತಿಕ್ಕಬೇಡಿ. ಆ ಮಾಸಲು ಪದರವೇ ನಾಣ್ಯದ ವಯಸ್ಸಿಗೆ ಸಾಕ್ಷಿ, ಹೋದರೆ ಬೆಲೆಯೂ ಹೋಯಿತು.

ನೆಲದಲ್ಲಿ ಸಿಕ್ಕರೆ

ಸರಾಫರ ಅಂಗಡಿಗೆ ಒಯ್ಯಬೇಡಿ. ಕರಗಿಸಿದರೆ ಉಳಿಯುವುದು ನಾಲ್ಕು ಗ್ರಾಂ ಬೆಳ್ಳಿ ಮಾತ್ರ. ಹೂತ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ನಿಧಿ ಕಾಯ್ದೆ ಹೇಳುತ್ತದೆ. ಹುಕ್ಕೇರಿ ತಾಲ್ಲೂಕಿನವರು ತಹಶೀಲ್ದಾರ್ ಕಚೇರಿಯಲ್ಲಿ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸಿಕ್ಕ ಜಾಗ, ಆಳ, ಜೊತೆಗಿದ್ದ ಮಡಕೆ ಚೂರು ಎಲ್ಲದರ ಫೋಟೋ ತೆಗೆದಿಡಿ. ಎಲ್ಲಿ ಸಿಕ್ಕಿತು ಎಂಬುದು ಗೊತ್ತಿಲ್ಲದ ನಾಣ್ಯದಿಂದ ಇತಿಹಾಸಕಾರರಿಗೆ ಅರ್ಧ ಪ್ರಯೋಜನವೂ ಇಲ್ಲ.

ಸಂಗ್ರಹದ ಹವ್ಯಾಸ ಶುರು ಮಾಡುವ ಆಸೆಯಿದ್ದರೆ ಬಂಗಾರ, ಬೆಳ್ಳಿಗೆ ಕೈಹಾಕಬೇಡಿ. ನಾಲ್ಕನೇ ಶತಮಾನದ ಸಣ್ಣ ತಾಮ್ರ-ಕಂಚಿನ ನಾಣ್ಯಗಳು ಜಗತ್ತಿನಲ್ಲಿ ಹೇರಳವಾಗಿವೆ, ಅಗ್ಗ ಕೂಡ. ಪರವಾನಗಿ ಇರುವ ವ್ಯಾಪಾರಿಯಿಂದ ರಸೀದಿ ಸಮೇತವೇ ಕೊಳ್ಳಿ, ಏಕೆಂದರೆ 1972ರ ಪುರಾತನ ವಸ್ತುಗಳ ಕಾಯ್ದೆ ಇಂಥ ನಾಣ್ಯಗಳಿಗೂ ಅನ್ವಯಿಸುತ್ತದೆ. ಆದರೆ ಕೊಳ್ಳುವ ಮೊದಲು ಆರು ತಿಂಗಳು ಬರೀ ನೋಡಿ ಎನ್ನುವುದು ನಮ್ಮ ಸಲಹೆ. ಅಮೆರಿಕದ ನಾಣ್ಯಶಾಸ್ತ್ರ ಸೊಸೈಟಿಯ 'ಆಕ್ರೆ' ಎಂಬ ಉಚಿತ ಆನ್‌ಲೈನ್ ಕೋಶದಲ್ಲಿ ಒಂದೊಂದು ಚಕ್ರವರ್ತಿಯ ನಾಣ್ಯವನ್ನೂ ಮೊಬೈಲಿನಲ್ಲೇ ಹೋಲಿಸಿ ನೋಡಬಹುದು.