ಒಂದೇ ಗಳಿಗೆಯ ಎರಡು ಪುಸ್ತಕ

ತೊಣ್ಣೂರು ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಕೆರೆ. ಆಮೇಲೆ ನಂಬಿನಾರಾಯಣ, ರಾಮಾನುಜಾಚಾರ್ಯರು, ವಿಷ್ಣುವರ್ಧನ. ಭಾನುವಾರ ಬುತ್ತಿ ಕಟ್ಟಿಕೊಂಡು ಬರುವವರಿಗಂತೂ ಏರಿಯ ಮೇಲಿನ ಗಾಳಿಯೇ ಸಾಕು. ನನಗೆ ಮಾತ್ರ ಊರೆಂದರೆ ನಮ್ಮ ಅಟ್ಟದ ಮೇಲಿದ್ದ ಕಡತ.

ಕಡತವನ್ನು ನೀವು ನೋಡಿರಲಾರಿರಿ. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಪ್ಪು ಪುಸ್ತಕ ಅದು. ಬಳಪದಿಂದ ಬರೆಯುವುದು, ಬೇಡವಾದರೆ ಒರೆಸಿ ಮತ್ತೆ ಬರೆಯುವುದು. ನಮ್ಮದು ಶಾನುಭೋಗರ ಮನೆ. ತಾತನ ಕಾಲಕ್ಕೆ ಕಾಗದದ ಲೆಕ್ಕದ ಪುಸ್ತಕಗಳು ಬಂದಿದ್ದವು. ಆದರೂ ಹಳೆಯ ಕಡತ ಅಟ್ಟ ಬಿಟ್ಟು ಇಳಿದಿರಲಿಲ್ಲ. ಬೇಸಿಗೆ ರಜದಲ್ಲಿ ನಾವು ಮಕ್ಕಳು ಅದನ್ನು ತೆಗೆದು ಬಳಪದಲ್ಲಿ ಗೀಚಲು ಹೋದರೆ ಅಜ್ಜಿ ಓಡಿ ಬರುತ್ತಿದ್ದರು. "ಮುಟ್ಟಬೇಡ್ರೇ. ಒರೆಸಿದರೆ ಹೋಯ್ತು, ಮತ್ತೆ ಯಾರೂ ಹೇಳೋರಿಲ್ಲ."

ಅಜ್ಜಿಗೆ ಅಕ್ಷರ ಅಷ್ಟಕ್ಕಷ್ಟೆ. ಜಮಾಬಂದಿಯ ವಿಷಯ ಮಾತ್ರ ಚೆನ್ನಾಗಿ ಗೊತ್ತಿತ್ತು. ವರ್ಷಕ್ಕೊಮ್ಮೆ ಅಮಲ್ದಾರರು ಬಂದು ಹಳ್ಳಿಯ ಲೆಕ್ಕವನ್ನೆಲ್ಲ ತಾಳೆ ನೋಡುವ ಕಾಲ ಅದು. "ಜಮಾಬಂದಿ ಬಂತೆಂದರೆ ನಿಮ್ಮ ತಾತ ಊಟಕ್ಕೂ ಏಳುತ್ತಿರಲಿಲ್ಲ ಕಣೇ. ಎಲ್ಲಾ ಪುಸ್ತಕವೂ ಒಂದೇ ದಿನಕ್ಕೆ ನಿಲ್ಲಬೇಕು. ಒಂದು ಮುಂದೆ ಹೋಗಿ, ಒಂದು ಹಿಂದೆ ಉಳಿದರೆ ಸಾಹೇಬರು ಸುಮ್ಮನಿರ್ತಾರೆಯೇ?"

ಈ ಮಾತಿನ ಅರ್ಥ ನನಗೆ ಆಗಿದ್ದು ಎಷ್ಟೋ ವರ್ಷದ ಮೇಲೆ. ರೈತ ಕಂದಾಯ ಕಟ್ಟಿದರೆ ಆ ದಿನದ ಖಿರ್ದಿಯಲ್ಲಿ ಹಣ ಬಂದದ್ದು ಬರೆಯಬೇಕು, ಅವನ ಖಾತೆಯಲ್ಲಿ ಬಾಕಿ ಇಳಿದದ್ದನ್ನೂ ಬರೆಯಬೇಕು. ಖಿರ್ದಿಯ ನಕಲನ್ನು ಬೆಳಿಗ್ಗೆ ತೆಗೆದು ಖಾತೆಯ ನಕಲನ್ನು ಸಂಜೆ ತೆಗೆದಿರಿ ಎನ್ನಿ. ಮಧ್ಯಾಹ್ನ ಯಾರೋ ಬಂದು ಹಣ ಕಟ್ಟಿ ಹೋಗಿರುತ್ತಾರೆ. ಆಗ ಬಾಕಿ ಇಳಿದಿದೆ, ಹಣ ಮಾತ್ರ ಬಂದಿಲ್ಲ. ಎರಡು ನಕಲೂ ತಮ್ಮಷ್ಟಕ್ಕೆ ಸರಿ. ಪಕ್ಕಪಕ್ಕ ಇಟ್ಟರೆ ಶಾನುಭೋಗ ಕಳ್ಳನಾಗುತ್ತಾನೆ.

ವಂಶಪಾರಂಪರ್ಯದ ಗ್ರಾಮಾಧಿಕಾರ 1963ರ ಫೆಬ್ರವರಿ 1ರಿಂದ ರದ್ದಾಯಿತು. ಪುಸ್ತಕಗಳು ಗ್ರಾಮಲೆಕ್ಕಿಗರ ಕೈಗೆ ಹೋದವು. ತಾತನಿಗೆ ಅದರ ಕೊರಗಿತ್ತು ಎನ್ನುತ್ತಾರೆ. ಅಜ್ಜಿಗೆ ಇರಲಿಲ್ಲ. ವರ್ಷಕ್ಕೊಮ್ಮೆ ಸಾಹೇಬರ ಪರಿವಾರಕ್ಕೆಲ್ಲ ಅಡಿಗೆ ಮಾಡಿ ಹಾಕಿದವರು ಅವರಲ್ಲವೆ! ಅದನ್ನು ಯಾವ ಖಾತೆಯಲ್ಲೂ ಬರೆದಿಲ್ಲ.

2000ದ ಆಚೀಚೆ 'ಭೂಮಿ' ಯೋಜನೆ ಬಂತು. ರಾಜ್ಯದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು, ಸುಮಾರು 67 ಲಕ್ಷ ಹಿಡುವಳಿದಾರರ ಹೆಸರುಗಳು ಕಂಪ್ಯೂಟರಿಗೆ ಏರಿದವು. ಆಗ ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಸಿಗುತ್ತಿತ್ತು. ಕೈಬರಹದ ಪಹಣಿಗೆ ಬೆಲೆ ಹೋಯಿತು. ಆದರೆ ಜಮೀನು ಕೊಂಡದ್ದು ನೋಂದಣಿಯಾಗುವುದು ಉಪನೋಂದಣಾಧಿಕಾರಿಗಳಲ್ಲಿ, ಪಹಣಿಯಲ್ಲಿ ಹೆಸರು ಬದಲಾಗುವುದು ತಾಲ್ಲೂಕು ಕಚೇರಿಯಲ್ಲಿ. ಅಲ್ಲಿಂದ ಇಲ್ಲಿಗೆ ಒಂದು ಚೀಟಿ ಬರಬೇಕು. ನೋಂದಣಿಯ 'ಕಾವೇರಿ'ಯನ್ನೂ 'ಭೂಮಿ'ಯನ್ನೂ ಬೆಸೆದ ಮೇಲೆ ಚೀಟಿ ತಂತಿಯಲ್ಲೇ ಬರತೊಡಗಿತು. ಆದರೂ ಪುಸ್ತಕ ಎರಡೇ, ನಡುವೆ ಪತ್ರ ಒಂದು. ನಾನು ಹೇಳಹೊರಟಿರುವ ಕಥೆಯ ಹೂರಣವೂ ಅದೇ.

ನಾನು ಕೆಲಸಕ್ಕೆ ಸೇರಿದ್ದು ಮೈಸೂರಿನ ಒಂದು ಸಂಸ್ಥೆಯ ಕಂಪ್ಯೂಟರ್ ವಿಭಾಗಕ್ಕೆ. ಅರ್ಜಿ ತೆಗೆದುಕೊಳ್ಳುವುದು, ನಂಬರು ಕೊಡುವುದು, ಸ್ವೀಕೃತಿಯನ್ನು ಇ-ಮೇಲಿನಲ್ಲಿ ಕಳಿಸುವುದು. ಅರ್ಜಿಗಳು ಡೇಟಾಬೇಸಿನಲ್ಲಿ, ಅದೊಂದು ಡಿಸ್ಕಿನ ಮೇಲೆ. ಪತ್ರಗಳು ಮೇಲ್ ಸರ್ವರಿನಲ್ಲಿ, ಅದು ಇನ್ನೊಂದು ಡಿಸ್ಕಿನ ಮೇಲೆ. ಎರಡಕ್ಕೂ ಬೇರೊಂದು ಕೋಣೆಯಲ್ಲಿ ಅವಳಿ ಡಿಸ್ಕು. ಇಲ್ಲಿ ಒಂದಕ್ಷರ ಬರೆದರೆ ಅಲ್ಲೂ ಅದೇ ಕ್ಷಣ ಬರೆಯುತ್ತದೆ. ವಿಯೆನ್ನಾದ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಫಿಲಿಪ್ ರೈಸ್ನರ್ 2000ದ ಹೊತ್ತಿಗೆ ಇಂಥದೊಂದು ಏರ್ಪಾಡನ್ನು ಲಿನಕ್ಸಿಗಾಗಿ ಬರೆದಿದ್ದರು. ಡಿಆರ್‌ಬಿಡಿ ಎಂದು ಅದರ ಹೆಸರು. 2010ರಲ್ಲಿ ಅದು ಲಿನಕ್ಸಿನ ಒಳಗೇ ಸೇರಿಕೊಂಡಿತು.

ಅವಳಿ ಇದೆಯೆಂದು ನಾವೆಲ್ಲ ನಿಶ್ಚಿಂತೆಯಿಂದ ಮಲಗುತ್ತಿದ್ದೆವು. ಒಂದು ದಿನ ಬೆಳಗಿನ ಜಾವ, ಖಾಲಿ ಮಾಡಬೇಕಾದ ಡಿಸ್ಕು ಬಿಟ್ಟು ಬೇರೆಯವನ್ನು ಅಳಿಸಲಾಯಿತು. ಯಾರು ಅಳಿಸಿದರೆಂದು ಬರೆಯುವುದಿಲ್ಲ, ಅವರೂ ಆ ರಾತ್ರಿ ನಿದ್ದೆಗೆಟ್ಟಿದ್ದರು. ಇಲ್ಲಿ ಅಳಿಸಿದ್ದನ್ನು ಅವಳಿಯೂ ಅಷ್ಟೇ ನಿಷ್ಠೆಯಿಂದ ಅಳಿಸಿಕೊಂಡಿತು. ಡಿಸ್ಕು ಕೆಟ್ಟರೆ ಅವಳಿ ಕಾಯುತ್ತದೆ, ಮನುಷ್ಯ ಕೆಟ್ಟರೆ ಅಲ್ಲ.

ರಾತ್ರಿಯ ನಕಲುಗಳು ಟೇಪಿನಲ್ಲಿದ್ದವು. ಡೇಟಾಬೇಸಿನದು ಹನ್ನೆರಡು ಗಂಟೆಗೆ ತೆಗೆದದ್ದು, ಮೇಲ್ ಸರ್ವರಿನದು ಮೂರು ಗಂಟೆಗೆ. ಎರಡನ್ನೂ ಏರಿಸಿದೆವು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಸರಿಹೋಯಿತೆಂದು ಕಾಫಿ ಕುಡಿದೆವು.

ವಾರದ ಮೇಲೆ ನಾಗಮಂಗಲದ ಕಡೆಯ ಹೆಂಗಸೊಬ್ಬರು ಬಂದರು. ಗಂಡ ತೀರಿಕೊಂಡಿದ್ದರು, ಬರಬೇಕಾದ ಹಣಕ್ಕೆ ಅರ್ಜಿ. ಬೆಂಗಳೂರಿನಲ್ಲಿ ರಾತ್ರಿಪಾಳಿ ಮಾಡುತ್ತಿದ್ದ ಮಗಳು ಆ ರಾತ್ರಿ ಒಂದು ಗಂಟೆಗೆ ಅರ್ಜಿ ತುಂಬಿದ್ದಳು. ಮರುದಿನವೇ ಕಡೆಯ ದಿನಾಂಕ. ಸ್ವೀಕೃತಿ ಪತ್ರವನ್ನು ಅಚ್ಚು ಹಾಕಿಸಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟು ತಂದಿದ್ದರು. ನಂಬರು ಹಾಕಿ ನೋಡಿದರೆ ನಮ್ಮ ಪುಸ್ತಕದಲ್ಲಿ ಬಂದದ್ದು ಬೇರೆಯವರ ಹೆಸರು!

ಆದದ್ದು ಇಷ್ಟೆ. ಡೇಟಾಬೇಸು ಹನ್ನೆರಡು ಗಂಟೆಗೆ ಹಿಂತಿರುಗಿತ್ತು. ಒಂದು ಗಂಟೆಯ ಅರ್ಜಿ ಅದಕ್ಕೆ ಗೊತ್ತೇ ಇಲ್ಲ. ಹನ್ನೆರಡರ ಮುಂದಿನ ನಂಬರುಗಳನ್ನು ಅದು ಮತ್ತೆ ಮೊದಲಿನಿಂದ ಹಂಚಿತ್ತು. ಮೇಲ್ ಸರ್ವರು ಮಾತ್ರ, ಹೌದು, ನಾನು ಪತ್ರ ಕಳಿಸಿದ್ದೇನೆ ಎನ್ನುತ್ತಿತ್ತು. ಗುಮಾಸ್ತರು ಪತ್ರವನ್ನು ತಿರುವಿ ಮುರುವಿ ನೋಡಿ, "ಇದನ್ನು ಯಾರಮ್ಮ ಮಾಡಿಕೊಟ್ಟರು?" ಎಂದರು. ಆಕೆ ಉತ್ತರ ಕೊಡಲಿಲ್ಲ. ಸೆರಗನ್ನು ಹೆಗಲ ಮೇಲೆ ಸರಿಮಾಡಿಕೊಂಡು ನಿಂತೇ ಇದ್ದರು. ಶಾನುಭೋಗ ಕಳ್ಳನಾಗುವುದು ಎಂದೆನಲ್ಲ, ಇಲ್ಲಿ ಪಾಪ, ಅರ್ಜಿದಾರಳೇ ಕಳ್ಳಿಯಾದಳು.

ಆ ಸಂಜೆ ಅಜ್ಜಿಯ ಮಾತು ನೆನಪಾಗಿ ನನಗೆ ಅನ್ನ ಇಳಿಯಲಿಲ್ಲ.

ವಾಸ್ತವವಾಗಿ ಈ ತೊಡಕನ್ನು ಬಲ್ಲವರು ಮೊದಲೇ ಬಿಡಿಸಿದ್ದರು. ಮದ್ರಾಸಿನ ಐಐಟಿಯಲ್ಲಿ ಓದಿ ಅಮೆರಿಕಕ್ಕೆ ಹೋದ ಮಣಿ ಚಾಂಡಿಯವರೂ ಲೆಸ್ಲಿ ಲ್ಯಾಂಪೋರ್ಟರೂ 1985ರಲ್ಲಿ ಬರೆದ ಲೇಖನವೊಂದಿದೆ. ಅದರಲ್ಲಿ ಅವರು ಕೊಡುವ ಉಪಮೆ ಹಕ್ಕಿಗಳದ್ದು. ಆಕಾಶದ ತುಂಬ ವಲಸೆ ಹಕ್ಕಿಗಳು ಹಾರುತ್ತಿವೆ. ಒಬ್ಬ ಛಾಯಾಗ್ರಾಹಕನ ಒಂದು ಚಿತ್ರದಲ್ಲಿ ಅಷ್ಟೂ ಹಿಡಿಸುವುದಿಲ್ಲ. ಹಲವರು ತೆಗೆದು ಜೋಡಿಸಬೇಕು, ಹಕ್ಕಿಗಳು ನಿಲ್ಲುವುದಿಲ್ಲ. ರಂಗನತಿಟ್ಟಿನಲ್ಲಿ ದೋಣಿ ಹತ್ತಿದವರಿಗೆ ಈ ಕಷ್ಟ ಹೇಳಬೇಕಾಗಿಲ್ಲ. ಈ ಚಿತ್ರದಲ್ಲಿದ್ದ ಕೊಕ್ಕರೆಯೇ ಮುಂದಿನದರಲ್ಲೂ ಬಂದು ಕೂರುತ್ತದೆ. ಅವರ ಲೆಕ್ಕಾಚಾರವನ್ನು ನಾನು ನನಗೆ ಹೀಗೆ ಹೇಳಿಕೊಂಡೆ: ಹೊರಟು ಇನ್ನೂ ತಲುಪದ ಪತ್ರ ಇರಬಹುದು, ಹೊರಡದೇ ತಲುಪಿದ ಪತ್ರ ಇರಕೂಡದು. ನಾಗಮಂಗಲದವರ ಕೈಯಲ್ಲಿದ್ದುದು ಹೊರಡದೇ ತಲುಪಿದ ಪತ್ರ.

ನಾವು ಪದ್ಧತಿ ಬದಲಿಸಿದೆವು. ಡಿಸ್ಕಿನ 'ಸ್ನ್ಯಾಪ್‌ಶಾಟ್' ತೆಗೆಯುವುದು ಲಿನಕ್ಸಿನಲ್ಲಿ ಆಗಲೇ ಬಂದಿತ್ತು. ಅದು ಇಡೀ ಡಿಸ್ಕನ್ನು ಕೂತು ನಕಲು ಮಾಡುವುದಿಲ್ಲ. ಈ ಗಳಿಗೆ ಎಂದು ಗುರುತು ಹಾಕಿಕೊಂಡು, ಆಮೇಲೆ ಯಾವ ಪುಟದ ಮೇಲೆ ಹೊಸದು ಬರೆಯಬೇಕಾಗುತ್ತದೋ ಆ ಪುಟದ ಹಳೆಯದನ್ನು ಮಾತ್ರ ಮೊದಲು ಪಕ್ಕಕ್ಕೆ ಎತ್ತಿಡುತ್ತದೆ. ಕಡತವನ್ನು ಒರೆಸುವ ಮುಂಚೆ ಆ ಒಂದು ಮಡಿಕೆಯನ್ನು ಚೀಟಿಯಲ್ಲಿ ಇಳಿಸಿಕೊಂಡಂತೆ. ಹಾಗಾಗಿ ಗುರುತು ಹಾಕುವ ಕೆಲಸ ಕೆಲವೇ ಕ್ಷಣ.

ಆ ಕೆಲವು ಕ್ಷಣಗಳಲ್ಲೇ ಇರುವುದು ಜಮಾಬಂದಿ. ಮೊದಲು ಮೇಲ್ ಸರ್ವರಿಗೆ, ಬರುವ ಹೋಗುವ ಪತ್ರ ತಡೆ ಎನ್ನಬೇಕು. ಡೇಟಾಬೇಸಿಗೆ, ಮನಸ್ಸಿನಲ್ಲಿ ಇಟ್ಟುಕೊಂಡದ್ದನ್ನೆಲ್ಲ ಡಿಸ್ಕಿಗೆ ಇಳಿಸಿ ಕೈಕಟ್ಟಿ ನಿಲ್ಲು ಎನ್ನಬೇಕು. ಎರಡೂ ನಿಂತಿವೆಯೆಂದು ಖಾತ್ರಿಯಾಗುವ ತನಕ ಯಾವುದನ್ನೂ ಮುಟ್ಟಬಾರದು. ಎರಡಕ್ಕೂ ಗುರುತು ಬಿದ್ದ ಮೇಲೆಯೇ ಎರಡನ್ನೂ ಬಿಡಬೇಕು. ಒಂದನ್ನು ನಿಲ್ಲಿಸಿ ಗುರುತು ಹಾಕಿ ಬಿಟ್ಟು, ಆಮೇಲೆ ಇನ್ನೊಂದನ್ನು ನಿಲ್ಲಿಸಿದರೆ ಮತ್ತೆ ಹಳೆಯ ಪಾಡೇ. ಆಮೇಲೆ ಟೇಪಿಗೆ ನಿಧಾನವಾಗಿ ಗಂಟೆಗಟ್ಟಲೆ ನಕಲು ಮಾಡಿಕೊಳ್ಳಿ, ಚಿತ್ರ ಕದಲುವುದಿಲ್ಲ. ಪಕ್ಕಕ್ಕೆ ಎತ್ತಿಡಲು ಜಾಗ ಧಾರಾಳವಾಗಿ ಬಿಟ್ಟಿರಬೇಕು ಅಷ್ಟೆ. ತುಂಬಿಹೋದರೆ ಸ್ನ್ಯಾಪ್‌ಶಾಟು ಸತ್ತಂತೆ. ಒಮ್ಮೆ ಸತ್ತೂ ಇತ್ತು, ಜಿಪುಣತನ ಮಾಡಿದವಳು ನಾನೇ. ಟೇಪನ್ನು ಬೇರೆ ಕಡೆ ಸಾಗಿಸುವುದನ್ನೂ ಬಿಡಲಿಲ್ಲ. ಸ್ನ್ಯಾಪ್‌ಶಾಟು ಅದೇ ಡಿಸ್ಕಿನ ಮೇಲಿರುತ್ತದಲ್ಲ, ಡಿಸ್ಕಿನೊಡನೆ ಅದೂ ಸಹಗಮನ ಮಾಡುತ್ತದೆ.

ನಾಗಮಂಗಲದವರ ಅರ್ಜಿ ಏನಾಯಿತೆಂದು ನೀವು ಕೇಳುತ್ತೀರಿ. ಹನ್ನೆರಡರಿಂದ ಮೂರರವರೆಗೆ ಹೊರಟ ಪತ್ರಗಳನ್ನೆಲ್ಲ ಮೇಲ್ ಸರ್ವರಿನಿಂದ ಒಂದೊಂದಾಗಿ ಹೆಕ್ಕಿ, ಅವುಗಳಿಂದ ಅರ್ಜಿಗಳನ್ನು ಮತ್ತೆ ಕಟ್ಟಿದೆವು. ಮೇಲಿನವರ ಒಪ್ಪಿಗೆ ಬರಲು ಎರಡು ತಿಂಗಳು ಹಿಡಿಯಿತು. ಹೊಸ ನಂಬರು ಕೊಡುವ ದಿನ ಆಕೆ ಮಗಳೊಡನೆ ಬಂದಿದ್ದರು. ಗುಮಾಸ್ತರು ಹಳೆಯ ಪತ್ರವನ್ನು ವಾಪಸು ಕೇಳಿದರು. "ಅದು ನನ್ನ ಹತ್ರವೇ ಇರಲಿ ಬಿಡಿ ಸಾರ್," ಎಂದು ಆಕೆ ಕವರಿಗೆ ಹಾಕಿಕೊಂಡರು. ನಾನು ಎದ್ದು ಹೋಗಿ ಮಾತಾಡಿಸಬೇಕೆಂದುಕೊಂಡೆ, ಕಾಲು ಬರಲಿಲ್ಲ.

ಅಂದಿನಿಂದ ತಿಂಗಳಿಗೊಂದು ಶನಿವಾರ ನಕಲುಗಳನ್ನು ಬೇರೊಂದು ಯಂತ್ರಕ್ಕೆ ಏರಿಸಿ ನೋಡುವ ರೂಢಿ ಇಟ್ಟುಕೊಂಡೆವು. ಮೇಲ್ ಸರ್ವರಿನಿಂದ ಯಾವುದೋ ಒಂದು ಸ್ವೀಕೃತಿ ಪತ್ರ ತೆಗೆಯುವುದು, ಗುರುತು ಬಿದ್ದ ಗಳಿಗೆಗೆ ಎಷ್ಟು ಹತ್ತಿರವಾದರೆ ಅಷ್ಟು ಒಳ್ಳೆಯದು. ಅದರ ನಂಬರನ್ನು ಡೇಟಾಬೇಸಿನಲ್ಲಿ ಹುಡುಕುವುದು. ಹುಡುಗರು ಪರದೆ ನೋಡಿ ಹೆಸರು ಓದುತ್ತಿದ್ದರು, ನಾನು ಪತ್ರ ಹಿಡಿದು ತಾಳೆ ನೋಡುತ್ತಿದ್ದೆ. "ಮೇಡಂ ಜಮಾಬಂದಿ ಶುರು ಮಾಡಿದರು," ಎಂದು ಅವರು ತಮ್ಮತಮ್ಮಲ್ಲೇ ನಗುತ್ತಿದ್ದರು. ಆ ಹೆಸರು ಅವರಿಗೆ ಕಲಿಸಿದವಳೂ ನಾನೇ.