ಮುಂಗಾರು ಗಾಳಿ ಮತ್ತು ಅರಬ್ಬೀ ಕಡಲಿನ ಲೆಕ್ಕ

ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆಹೊಲಗಳಲ್ಲಿ ಮಿರಗದ ಮಳೆಗೆ ಕಾಯುವ ನಾವೆಲ್ಲ ಮೊದಲು ನೋಡುವುದು ಗಾಳಿಯ ದಿಕ್ಕನ್ನು. ಆ ಗಾಳಿ ಬರುವುದು ಅರಬ್ಬೀ ಕಡಲಿನಿಂದ. ಅರಬ್ ನಾವಿಕರು ಅದರ ಕಾಲವನ್ನು ‘ಮೌಸಿಮ್’ ಎಂದರು. ನಮ್ಮ ಉರ್ದುವಿನ ‘ಮೌಸಮ್’, ಯುರೋಪಿನವರ ‘ಮಾನ್ಸೂನ್’ ಎರಡೂ ಅದರ ಮಕ್ಕಳೇ. ಹಡಗು ನಡೆಸಿದ, ಹೊಲಕ್ಕೆ ಮಳೆ ತಂದ ಈ ಗಾಳಿಗೆ ಮೂರನೆಯ ಕೆಲಸವೊಂದಿದೆ: ಕಡಲಿನ ಆಳದಲ್ಲಿ ಅಡಗಿರುವ ಇಂಗಾಲವನ್ನು ಮೇಲಕ್ಕೆ ತರುವುದು.

ನಾವು ಸುಡುವ ಕಲ್ಲಿದ್ದಲು, ಎಣ್ಣೆಗಳ ಇಂಗಾಲದ ಡೈ ಆಕ್ಸೈಡನ್ನು ಕಡಲೇ ನುಂಗಿಬಿಡುತ್ತದೆ ಎಂಬ ನಂಬಿಕೆ ಬಹುಕಾಲ ಇತ್ತು. ಕಡಲ ಮೇಲ್ಪದರದ ರಾಸಾಯನಿಕ ಗುಣವೇ ಇದಕ್ಕೆ ಮಿತಿ ಹಾಕುತ್ತದೆಂದು 1957ರಲ್ಲಿ ರೋಜರ್ ರೆವೆಲ್ ಮತ್ತು ಹಾನ್ಸ್ ಸೂಯೆಸ್ ಬರೆದರು. ಮರುವರ್ಷ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಪರ್ವತದಲ್ಲಿ ಅಳೆಯತೊಡಗಿದಾಗ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಈ ಅನಿಲ ಸುಮಾರು 315 ಪಾಲು ಇತ್ತು; ಇಂದು 420 ದಾಟಿದೆ. ಮನುಷ್ಯರು ಹೊರಬಿಡುವುದರಲ್ಲಿ ಕಡಲುಗಳು ಹೀರಿಕೊಳ್ಳುವುದು ಸುಮಾರು ಕಾಲು ಪಾಲು ಮಾತ್ರ.

ಇದು ಇಡೀ ಲೋಕದ ಕಡಲುಗಳ ಲೆಕ್ಕ. ನಮ್ಮ ಪಕ್ಕದ ಕಡಲಿನ ನಡತೆಯೇ ಬೇರೆ. 1965ರವರೆಗೆ ನಡೆದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಸಂಶೋಧನಾ ಯಾನದ ಫಲವಾಗಿ 1966ರಲ್ಲಿ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ ಹುಟ್ಟಿತು. ಅದರ ಮುಖ್ಯ ಕಚೇರಿ ಇರುವುದು ಗೋವಾದ ದೋನಾ ಪಾವ್ಲಾದಲ್ಲಿ. ನಮ್ಮ ರೈತರು ವರ್ಷಗಟ್ಟಲೆ ಹೋರಾಡಿದ ಮಹದಾಯಿ ನದಿ ಮಾಂಡೋವಿ ಎಂಬ ಹೆಸರಿನಲ್ಲಿ ಕಡಲು ಸೇರುವ ಜಾಗಕ್ಕೆ ಸಮೀಪ. ‘ಸಾಗರ ಕನ್ಯಾ’ ಹಡಗಿನಲ್ಲಿ ಹೋದ ವಿಜ್ಞಾನಿಗಳು 1994-95ರಲ್ಲಿ ಬೇಸಿಗೆ, ಚಳಿ, ಮುಂಗಾರು ಮೂರೂ ಕಾಲಗಳಲ್ಲಿ ನೀರನ್ನು ಪರೀಕ್ಷಿಸಿದರು. ಅರಬ್ಬೀ ಕಡಲಿನ ಮಧ್ಯ ಮತ್ತು ಪೂರ್ವ ಭಾಗಗಳು ವರ್ಷವಿಡೀ ಈ ಅನಿಲವನ್ನು ಹೀರುವುದಕ್ಕಿಂತ ಹೆಚ್ಚಾಗಿ ಹೊರಬಿಡುತ್ತವೆ ಎಂಬ ಅವರ ತೀರ್ಮಾನ 1998ರಲ್ಲಿ ಪ್ರಕಟವಾಯಿತು.

ಇದಕ್ಕೆ ದೊಡ್ಡ ಕಾರಣ ಮುಂಗಾರು ಗಾಳಿ. ಅದು ಸೋಮಾಲಿಯಾ, ಒಮಾನ್ ತೀರಗಳ ಮೇಲ್ನೀರನ್ನು ಆಚೆ ಸರಿಸಿದಾಗ ಆಳದ ತಣ್ಣೀರು ಮೇಲೇರುತ್ತದೆ. ಸತ್ತ ಜೀವಿಗಳು ಕೊಳೆತು ಬಿಟ್ಟ ಇಂಗಾಲ ಆ ನೀರಿನಲ್ಲಿ ತುಂಬಿರುತ್ತದೆ.

ಈ ಕೊಡುಕೊಳ್ಳುವಿಕೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವವರು ಕಡಲನ್ನು ಚೌಕಗಳಾಗಿ ಹಂಚುತ್ತಾರೆ. ಅನಿಲದ ಒತ್ತಡ ನೀರಿನಲ್ಲಿ ಹೆಚ್ಚಿದ್ದರೆ ಅದು ಹೊರಗೆ ಬರುತ್ತದೆ, ಗಾಳಿಯಲ್ಲಿ ಹೆಚ್ಚಿದ್ದರೆ ಒಳಗೆ ಹೋಗುತ್ತದೆ. ಎಷ್ಟು ಬೇಗ ಎಂಬುದನ್ನು ಬೀಸುವ ಗಾಳಿಯ ವೇಗ ತೀರ್ಮಾನಿಸುತ್ತದೆ. ಚೌಕಗಳು ದೊಡ್ಡದಾದರೆ, ಆಳದ ನೀರು ಮೇಲೇಳುವ ತೀರದ ಕಿರಿದಾದ ಪಟ್ಟಿ ಲೆಕ್ಕದಿಂದ ಜಾರಿಹೋಗುತ್ತದೆ. ಮಳೆಗಾಲದ ಒರಟು ಕಡಲಿಗೆ ಹಡಗು ಇಳಿಯದಿದ್ದರೆ ಲೆಕ್ಕವನ್ನು ತಾಳೆ ನೋಡಲು ಅಳತೆಯೇ ಇರುವುದಿಲ್ಲ.

ಭೂಮಿ ಇನ್ನೆಷ್ಟು ಕಾಯುತ್ತದೆ, ಮಳೆ ಹೇಗೆ ಬದಲಾಗುತ್ತದೆ ಎಂಬ ಅಂದಾಜುಗಳಲ್ಲಿ ಈ ಲೆಕ್ಕವೂ ಸೇರಿದೆ. ಮಳೆಯನ್ನೇ ನಂಬಿ ಬಿತ್ತುವ ಜನ ತಮಗೂ ಕಡಲಿಗೂ ಏನು ಸಂಬಂಧ ಎಂದು ಸುಮ್ಮನಿರುವಂತಿಲ್ಲ. ನಮ್ಮ ಹೊಗೆಯನ್ನೆಲ್ಲ ಕಡಲು ನುಂಗುತ್ತದೆಂಬ ಭರವಸೆ ಎಂದೋ ಮುರಿದಿದೆ. ಹೊಗೆಯನ್ನು ತಗ್ಗಿಸುವ ಹೊಣೆ ನೆಲದ ಮೇಲಿನವರದೇ.